ಕರಾವಳಿಯ ಶೆಡ್‌ಗೆ ಗಾಳಿಯ ವೇಗ ಎಷ್ಟು ಹಿಡಿಯಬೇಕು?

ಪ್ರಶ್ನೆ: ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಸ್ಟೀಲ್ ಶೆಡ್ ಮಾಡುವ ಯೂನಿಟ್. ಇದುವರೆಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲೇ ಕೆಲಸ ಮಾಡಿದ್ದೇವೆ. ಈಗ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ, ಸಮುದ್ರದಿಂದ 6 ಕಿ.ಮೀ. ದೂರದಲ್ಲಿ, ಒಂದು ಕಾರ್ಖಾನೆಯ ಗೋಡೌನ್ ಆರ್ಡರ್ ಬಂದಿದೆ. ಅಗಲ 20 ಮೀಟರ್, ಉದ್ದ 48 ಮೀಟರ್, ಈವ್ಸ್ (ಛಾವಣಿಯ ಕೆಳ ಅಂಚು) ಎತ್ತರ 8 ಮೀಟರ್, ಛಾವಣಿಯ ಇಳಿಜಾರು 10 ಡಿಗ್ರಿ. ಸಮುದ್ರದ ಕಡೆಯ ಉದ್ದ ಗೋಡೆಗೆ 5×5 ಮೀಟರಿನ ನಾಲ್ಕು ರೋಲಿಂಗ್ ಶಟರ್. ಪಾರ್ಟಿಯವರು ‘180 ಕಿ.ಮೀ. ಚಂಡಮಾರುತ ತಡೆಯಬೇಕು’ ಎಂದಷ್ಟೇ ಬರೆದಿದ್ದಾರೆ. ನಮ್ಮ ಕಡೆ 33 ಮೀ/ಸೆ. ಹಿಡಿಯುತ್ತಿದ್ದೆವು, ಅಲ್ಲಿ 50 ಅಂತೆ. ಹಾಗಾದರೆ ಎಲ್ಲವನ್ನೂ ಒಂದೂವರೆ ಪಟ್ಟು ಮಾಡಿದರೆ ಸಾಕೇ? ಫ್ಲೋರಿಡಾದಲ್ಲಿರುವ ನಮ್ಮ ಭಾವ ಅಲ್ಲಿ 175 ಮೈಲಿ ಹಿಡಿಯುತ್ತಾರೆ ಎನ್ನುತ್ತಾರೆ. ನಮ್ಮ ಕೋಡ್ ಅಷ್ಟು ಕಡಿಮೆಯೇ? ಕೋಲಾರದ ಕಡೆ ಮಾಡುವ ಶೆಡ್‌ಗೂ ಚಂಡಮಾರುತದ ಲೆಕ್ಕ ಹಾಕಬೇಕೇ?

ಉತ್ತರ: ಒಂದೂವರೆ ಪಟ್ಟು ಸಾಲದು. ನೀವು ಕೊಟ್ಟ ಅಳತೆ, ನೀವು ಹೇಳಿದ ಜಾಗ ಇಟ್ಟುಕೊಂಡು ಲೆಕ್ಕ ಹಾಕಿದರೆ ಗಾಳಿಯ ಒತ್ತಡ ತುಮಕೂರಿನದಕ್ಕಿಂತ ಮೂರೂಮುಕ್ಕಾಲು ಪಟ್ಟಿನ ಹತ್ತಿರ ಬರುತ್ತದೆ. ಕಂಬದ ಬುಡವನ್ನು ಮೇಲಕ್ಕೆ ಕೀಳುವ ಬಲವಂತೂ ಏಳು ಪಟ್ಟು. ಹೇಗೆ ಎಂದು ಒಂದೊಂದಾಗಿ ನೋಡೋಣ, ಏಕೆಂದರೆ ಕೊಟೇಶನ್ ಕೊಡುವ ಮೊದಲೇ ಇದು ಗೊತ್ತಾಗಬೇಕಾದ ವಿಷಯ.

ನಮ್ಮಲ್ಲಿ ಗಾಳಿಯ ಲೆಕ್ಕಕ್ಕೆ ಆಧಾರ ಭಾರತೀಯ ಮಾನಕ (ಕೋಡ್) ಐಎಸ್ 875, ಭಾಗ 3. ಈಗ ಜಾರಿಯಲ್ಲಿರುವುದು 2015ರ ಆವೃತ್ತಿ. ಅದರ ನಕ್ಷೆ ದೇಶವನ್ನು ಆರು ವಲಯ ಮಾಡಿದೆ: 33, 39, 44, 47, 50, 55 ಮೀ/ಸೆ. ಬೆಂಗಳೂರು, ಮೈಸೂರು 33ರಲ್ಲಿವೆ, ಮಂಗಳೂರು 39, ಹೈದರಾಬಾದ್ 44, ನೆಲ್ಲೂರು, ಚೆನ್ನೈ, ವಿಜಯವಾಡ, ವಿಶಾಖಪಟ್ಟಣ, ಭುವನೇಶ್ವರ ಎಲ್ಲವೂ 50. ಇದು ಮೂಲ ವೇಗ. ಬಯಲು ಪ್ರದೇಶದಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ, 3 ಸೆಕೆಂಡ್ ಸರಾಸರಿಯ ಗಸ್ಟ್ (ಕ್ಷಣಿಕ ಜೋರು ಬೀಸು), 50 ವರ್ಷದ ಮರುಕಳಿಕೆ ಅವಧಿ, ಇಷ್ಟೂ ಷರತ್ತು ಆ ಒಂದು ಅಂಕಿಯ ಬೆನ್ನಿಗಿವೆ. ಇದನ್ನು ನಾಲ್ಕು ಗುಣಕಗಳಿಂದ ಗುಣಿಸಿದ ಮೇಲೆ ಬರುವುದೇ ಡಿಸೈನ್ ವೇಗ. ಕೆ-1 ಕಟ್ಟಡದ ಆಯುಷ್ಯ ಮತ್ತು ಅಪಾಯಕ್ಕೆ, ಕೆ-2 ಸುತ್ತಲಿನ ಬಯಲು ಮತ್ತು ಎತ್ತರಕ್ಕೆ, ಕೆ-3 ಗುಡ್ಡ ಬೆಟ್ಟಕ್ಕೆ, ಕೆ-4 ಚಂಡಮಾರುತದ ಪಟ್ಟಿಗೆ.

ಕೆ-4 ಬಂದದ್ದು 2015ರಲ್ಲಿ. 1987ರ ಆವೃತ್ತಿಯಲ್ಲಿ ಅದು ಇರಲಿಲ್ಲ. ನಿಮ್ಮ ಆಫೀಸಿನಲ್ಲಿ ಓಡಾಡುತ್ತಿರುವ ಎಕ್ಸೆಲ್ ಶೀಟ್ ತೆರೆದು ನೋಡಿ: ಅದರಲ್ಲಿ ಕಟ್ಟಡದ ಗಾತ್ರಕ್ಕೆ ‘ಕ್ಲಾಸ್ ಎ, ಬಿ, ಸಿ’ ಎಂದು ಕೇಳುವ ಕಾಲಂ ಇದ್ದರೆ ಅದು 1987ರದು. ಆ ಕ್ಲಾಸ್‌ಗಳನ್ನು 2015ರಲ್ಲಿ ತೆಗೆದಿದ್ದಾರೆ. ತುಮಕೂರಿನ ಶೆಡ್‌ಗೆ ಆ ಹಳೆಯ ಶೀಟ್ ಹಾಕಿದರೆ ದೊಡ್ಡ ಅನಾಹುತವಾಗಲಿಕ್ಕಿಲ್ಲ. ನೆಲ್ಲೂರಿಗೆ ಹಾಕಿದರೆ ಆಗುತ್ತದೆ.

ಕೆ-4 ಎಲ್ಲಿಗೆ ಅನ್ವಯ? ಪೂರ್ವ ಕರಾವಳಿಯುದ್ದಕ್ಕೂ ಮತ್ತು ಗುಜರಾತ್ ಕರಾವಳಿಯಲ್ಲಿ, ದಡದಿಂದ ಸುಮಾರು 60 ಕಿ.ಮೀ. ಅಗಲದ ಪಟ್ಟಿಗೆ. ಚಂಡಮಾರುತ ಬಂದಾಗ ಈ ಪಟ್ಟಿಯಲ್ಲಿ ನಕ್ಷೆಯ ವೇಗ ಅನೇಕ ಸಲ ಮೀರಿದೆ ಎಂದು ಕೋಡೇ ಒಪ್ಪಿಕೊಂಡು ಈ ಗುಣಕವನ್ನು ಕೊಟ್ಟಿದೆ. ಸಾಮಾನ್ಯ ಕಟ್ಟಡಕ್ಕೆ 1.00, ಕೈಗಾರಿಕಾ ಕಟ್ಟಡಕ್ಕೆ 1.15, ಚಂಡಮಾರುತ ಹೋದ ಮೇಲೂ ಕೆಲಸಕ್ಕೆ ಬರಲೇಬೇಕಾದ ಆಸ್ಪತ್ರೆ, ಆಶ್ರಯ ಕಟ್ಟಡ, ಸಂಪರ್ಕ ಗೋಪುರದಂಥವಕ್ಕೆ 1.30. ನಿಮ್ಮದು ಕಾರ್ಖಾನೆಯ ಗೋಡೌನ್, ಆದ್ದರಿಂದ 1.15. ಆದರೆ ಪಾರ್ಟಿಯವರನ್ನು ಒಂದು ಮಾತು ಕೇಳಿ: ಅದರಲ್ಲಿ ಏನಿಡುತ್ತಾರೆ? ಪರಿಹಾರ ಸಾಮಗ್ರಿಯೋ ಔಷಧವೋ ಆದರೆ, ಅಥವಾ ಬಿರುಗಾಳಿ ಹೊತ್ತಿಗೆ ಕಾರ್ಮಿಕರು ಅಲ್ಲೇ ಆಶ್ರಯ ಪಡೆಯುವ ಯೋಜನೆಯಿದ್ದರೆ, 1.30 ಹಿಡಿಯಬೇಕು. ಆಗ ಕೆ-1 ಕೂಡ ಬದಲಾಗುತ್ತದೆ: ಮುಖ್ಯ ಕಟ್ಟಡಕ್ಕೆ 100 ವರ್ಷದ ಆಯುಷ್ಯ ಹಿಡಿದರೆ 50 ಮೀ/ಸೆ. ವಲಯದಲ್ಲಿ 1.08.

ಕೆ-2ರ ವಿಷಯದಲ್ಲಿ ಜಾಗಕ್ಕೆ ಹೋಗಿ ಬರದೆ ತೀರ್ಮಾನ ಮಾಡಬೇಡಿ. ನೆಲ್ಲೂರು ಕರಾವಳಿಯಲ್ಲಿ ಸಿಗಡಿ ಹೊಂಡ, ಉಪ್ಪಿನ ಮಡಿಗಳು ಕಿಲೋಮೀಟರುಗಟ್ಟಲೆ ಹರಡಿವೆ. ಗಾಳಿಗೆ ಅಡ್ಡ ಬರುವಂಥದ್ದು ಏನೂ ಇರುವುದಿಲ್ಲ. ಅಡೆತಡೆಗಳ ಎತ್ತರ 1.5 ಮೀಟರಿಗಿಂತ ಕಡಿಮೆ ಇರುವ ಅಂಥ ಬಯಲು ಮೊದಲನೇ ವರ್ಗ; 10 ಮೀಟರ್ ಎತ್ತರದವರೆಗೆ ಕೆ-2 = 1.05. ನಮ್ಮ ಕಡೆಯ ಹೊಲ, ಅಲ್ಲೊಂದು ಇಲ್ಲೊಂದು ಮರ ಎರಡನೇ ವರ್ಗ, 1.00. ಮನೆಗಳು, ತೋಟ ಒತ್ತೊತ್ತಾಗಿರುವ ಕಡೆ ಮೂರನೇ ವರ್ಗ, 0.91. ಈ 0.91ರ ಮೇಲೆ ಕಣ್ಣು ಹಾಕುವವರು ಬಹಳ. ‘ಪಶ್ಚಿಮಕ್ಕೆ ಊರಿದೆ, ತೆಂಗಿನ ತೋಟ ಇದೆ’ ಎಂದು ಮೂರನೇ ವರ್ಗ ಹಿಡಿದು ಸ್ಟೀಲ್ ಉಳಿಸುತ್ತಾರೆ. ಗಾಳಿ ಸಮುದ್ರದ ಕಡೆಯಿಂದ ಬಂದಾಗ ಆ ಊರೂ ತೋಟವೂ ಶೆಡ್‌ನ ಹಿಂದೆ ಉಳಿಯುತ್ತವೆ. ತೋಟವನ್ನಂತೂ ಮೊದಲ ಚಂಡಮಾರುತವೇ ಮಲಗಿಸಬಹುದು. 2018ರ ನವೆಂಬರ್‌ನಲ್ಲಿ ‘ಗಜ’ ಬಂದಾಗ ಕಾವೇರಿ ಡೆಲ್ಟಾದ ತೆಂಗಿನ ತೋಟಗಳಿಗೆ ಆದದ್ದು ಅದೇ. ಸಮುದ್ರಕ್ಕೆ ಮುಖ ಮಾಡಿದ ಜಾಗಕ್ಕೆ ಮೊದಲನೇ ವರ್ಗ ಹಿಡಿಯಿರಿ ಎಂಬುದು ನನ್ನ ಸಲಹೆ.

ಈಗ ಎರಡೂ ಜಾಗದ ಲೆಕ್ಕವನ್ನು ಅಕ್ಕಪಕ್ಕ ಇಡೋಣ. ನಿಮ್ಮ ಶೆಡ್‌ನ ಏಣು (ಛಾವಣಿಯ ನೆತ್ತಿ) 9.76 ಮೀಟರ್, ಹಾಗಾಗಿ 10 ಮೀಟರಿನ ಗುಣಕವೇ ಸಾಕು. ಒತ್ತಡದ ಸೂತ್ರ 0.6 ಗುಣಿಸು ವೇಗದ ವರ್ಗ.

ತುಮಕೂರು: 33 × 1.0 × 1.00 × 1.0 × 1.00 = 33 ಮೀ/ಸೆ. ಒತ್ತಡ ಚದರ ಮೀಟರಿಗೆ 653 ನ್ಯೂಟನ್.

ನೆಲ್ಲೂರು: 50 × 1.0 × 1.05 × 1.0 × 1.15 = 60.4 ಮೀ/ಸೆ., ಅಂದರೆ ಗಂಟೆಗೆ 217 ಕಿ.ಮೀ. ಒತ್ತಡ 2187 ನ್ಯೂಟನ್.

ಇಲ್ಲಿಗೆ ಮುಗಿಯಲಿಲ್ಲ. ಗಾಳಿ ಅತಿ ಕೆಟ್ಟ ದಿಕ್ಕಿನಿಂದಲೇ ಬರುವ ಸಾಧ್ಯತೆ ಕಡಿಮೆ ಎಂದು ಕೋಡ್ ಸಾಮಾನ್ಯ ಕಟ್ಟಡಗಳಿಗೆ 0.9ರ ದಿಕ್ಕಿನ ರಿಯಾಯಿತಿ ಕೊಡುತ್ತದೆ. ಚಂಡಮಾರುತದ ಪ್ರದೇಶಕ್ಕೆ ಆ ರಿಯಾಯಿತಿ ಇಲ್ಲ, ಅಲ್ಲಿ 1.0. ಸುತ್ತುವ ಗಾಳಿ ನಿಮ್ಮ ಜಾಗವನ್ನು ದಾಟುವಷ್ಟರಲ್ಲಿ ದಿಕ್ಕು ತಿರುಗುತ್ತಲೇ ಹೋಗುತ್ತದೆ. ಕಣ್ಣು ನೇರವಾಗಿ ಮೇಲೆಯೇ ಹಾದರೆ ಮೊದಲು ಒಂದು ಕಡೆಯಿಂದ, ಸ್ವಲ್ಪ ಹೊತ್ತಿನ ಬಳಿಕ ಎದುರು ಕಡೆಯಿಂದ ಹೊಡೆಯುತ್ತದೆ. ಕೆಟ್ಟ ದಿಕ್ಕು ತಪ್ಪಿಹೋಗಲಿ ಎಂದು ಆಸೆಪಡುವಂತಿಲ್ಲ. ಹಾಗಾಗಿ ತುಮಕೂರಿನ 653 ಪರ್ಲಿನ್ (ಶೀಟ್ ಹೊರುವ ಅಡ್ಡಪಟ್ಟಿ) ಲೆಕ್ಕಕ್ಕೆ 588 ಆಗುತ್ತದೆ, ನೆಲ್ಲೂರಿನ 2187 ಹಾಗೆಯೇ ಉಳಿಯುತ್ತದೆ. 3.7 ಪಟ್ಟು ಬಂದದ್ದು ಹೀಗೆ.

ಪಾರ್ಟಿಯವರ ‘180 ಕಿ.ಮೀ. ಚಂಡಮಾರುತ’ಕ್ಕೆ ಬರೋಣ. ಈ ಒಂದು ವಾಕ್ಯದಿಂದ ಆಗುವ ಗೊಂದಲ ಬೇರೆ ಯಾವುದರಿಂದಲೂ ಆಗುವುದಿಲ್ಲ. 50 ಮೀ/ಸೆ. ಎಂದರೂ ಗಂಟೆಗೆ 180 ಕಿ.ಮೀ. ಎಂದರೂ ಅಂಕಿ ಒಂದೇ, ಆದ್ದರಿಂದ ಇಬ್ಬರೂ ಒಂದೇ ಮಾತಾಡುತ್ತಿದ್ದೇವೆ ಎಂದು ಅನಿಸಿಬಿಡುತ್ತದೆ. ಆದರೆ ಹವಾಮಾನ ಇಲಾಖೆ ಬುಲೆಟಿನ್‌ನಲ್ಲಿ ಮೊದಲು ಹೇಳುವ ವೇಗ 3 ನಿಮಿಷದ ಸರಾಸರಿ. ‘ಗಸ್ಟ್ ಇಷ್ಟರವರೆಗೆ’ ಎಂದು ಆಮೇಲೆ ಹೇಳುವುದು ಬೇರೆ. 2019ರ ಮೇ 3ರಂದು ಪುರಿ ಬಳಿ ದಡ ಮುಟ್ಟಿದ ‘ಫಣಿ’ಯ ವೇಗ ಗಂಟೆಗೆ 175–180 ಕಿ.ಮೀ., ಗಸ್ಟ್ 205. ಈ 205 ಎಂದರೆ 57 ಮೀ/ಸೆ. ನಕ್ಷೆಯಲ್ಲಿ ಆ ಕರಾವಳಿ 50ರ ವಲಯ. ಪಾರ್ಟಿಯವರ ಮನಸ್ಸಿನಲ್ಲಿ ಸುದ್ದಿಯಲ್ಲಿ ಕೇಳಿದ 180 ಇದ್ದರೆ, ಅದಕ್ಕೆ ತಕ್ಕ 3 ಸೆಕೆಂಡ್ ಗಸ್ಟ್ 200 ದಾಟುತ್ತದೆ. ಅಮೆರಿಕದವರ ‘ಕೆಟಗರಿ 4’ ಎಂಬುದು ಮತ್ತೂ ಬೇರೆ: ತೆರೆದ ನೀರಿನ ಮೇಲೆ 1 ನಿಮಿಷದ ಸರಾಸರಿ ಗಂಟೆಗೆ 130ರಿಂದ 156 ಮೈಲಿ. ಸರಾಸರಿಯ ಅವಧಿ ಉದ್ದವಾದಷ್ಟೂ ಅಂಕಿ ಸಣ್ಣದಾಗುತ್ತದೆ, ಗಾಳಿ ಅದೇ ಇದ್ದರೂ.

ಹಾಗಾಗಿ ಆರ್ಡರ್ ಒಪ್ಪುವ ಮೊದಲು ಒಂದು ಪುಟದ ಡಿಸೈನ್ ಬೇಸಿಸ್ ಬರೆದು ಪಾರ್ಟಿಯವರ ಕನ್ಸಲ್ಟೆಂಟ್ ಸಹಿ ತೆಗೆದುಕೊಳ್ಳಿ. ಅದರಲ್ಲಿ ಯಾವ ಕೋಡ್, ಯಾವ ವರ್ಷದ ಆವೃತ್ತಿ, ಮೂಲ ವೇಗ 50 ಮೀ/ಸೆ. 3 ಸೆಕೆಂಡ್ ಗಸ್ಟ್, ನಾಲ್ಕು ಗುಣಕಗಳ ಬೆಲೆ, ಒಳ ಒತ್ತಡಕ್ಕೆ ಹಿಡಿದ ಅಂಕಿ, ಲೋಡ್ ಫ್ಯಾಕ್ಟರ್ (ಭದ್ರತೆಗಾಗಿ ಬಲವನ್ನು ಹೆಚ್ಚಿಸುವ ಗುಣಕ) ಇನ್ನೂ ಗುಣಿಸಿಲ್ಲ ಎಂಬ ಮಾತು, ಇಷ್ಟೂ ಇರಲಿ. ಸೈಟಿನ ಅಕ್ಷಾಂಶ ರೇಖಾಂಶವನ್ನೂ ಬರೆಯಿರಿ. ‘ನೆಲ್ಲೂರು’ ಎಂದಷ್ಟೇ ಬರೆದರೆ ಸಾಲದು; ಜಿಲ್ಲೆಯ ಒಳಭಾಗದ ತಾಲ್ಲೂಕುಗಳು ದಡದಿಂದ 60 ಕಿ.ಮೀ. ದಾಟುತ್ತವೆ.

ನಿಮ್ಮ ಭಾವ ಹೇಳಿದ 175 ಮೈಲಿ ಸರಿ. ಮಯಾಮಿ-ಡೇಡ್ ಕೌಂಟಿಯಲ್ಲಿ ಸಾಮಾನ್ಯ ಕಟ್ಟಡಕ್ಕೆ ಅದೇ ಅಂಕಿ, 78 ಮೀ/ಸೆ. ಆದರೆ ಅದನ್ನು ನಮ್ಮ 50ರ ಪಕ್ಕದಲ್ಲಿ ಇಟ್ಟು ಹೋಲಿಸಬಾರದು. ಅಮೆರಿಕದ ಎಎಸ್‌ಸಿಇ 7 ಕೋಡ್ 2010ರ ಆವೃತ್ತಿಯಿಂದ ಮರುಕಳಿಕೆ ಅವಧಿಯನ್ನು ಬದಲಿಸಿತು. ಸಾಮಾನ್ಯ ಕಟ್ಟಡಕ್ಕೆ 700 ವರ್ಷ, ಹೆಚ್ಚು ಜನ ಸೇರುವ ಕಟ್ಟಡಕ್ಕೆ 1700 ವರ್ಷ. ಆಸ್ಪತ್ರೆಯಂಥ ಅಗತ್ಯ ಕಟ್ಟಡಕ್ಕೆ 2016ರಿಂದ 3000 ವರ್ಷ. ಲೋಡ್ ಫ್ಯಾಕ್ಟರ್ ಅನ್ನು ವೇಗದ ನಕ್ಷೆಯ ಒಳಗೇ ಸೇರಿಸಿ, ಹೊರಗಿನ ಫ್ಯಾಕ್ಟರ್ 1.6 ಇದ್ದದ್ದನ್ನು 1.0 ಮಾಡಿದರು. ನಾವು 50 ವರ್ಷದ ವೇಗ ತೆಗೆದುಕೊಂಡು, ಆಮೇಲೆ ಸ್ಟೀಲ್ ಕಟ್ಟಡದ ಕೋಡ್ ಐಎಸ್ 800ರ ಪ್ರಕಾರ ಒತ್ತಡವನ್ನು 1.5ರಿಂದ ಗುಣಿಸುತ್ತೇವೆ. ಒತ್ತಡ ವೇಗದ ವರ್ಗವಾದ್ದರಿಂದ 1.5 ಎಂದರೆ ವೇಗದಲ್ಲಿ 1.22 ಪಟ್ಟು. ಬಯಲಿನ ಎರಡನೇ ವರ್ಗದಲ್ಲಿ ನಿಮ್ಮ ಗೋಡೌನ್‌ಗೆ 50 × 1.15 × 1.22, ಅಂದರೆ ಸುಮಾರು 70 ಮೀ/ಸೆ. ಮಯಾಮಿಯ 78ರ ಪಕ್ಕದಲ್ಲಿ ಇಡಬೇಕಾದದ್ದು ಈ 70. ಕೆ-4 ಬಿಟ್ಟರೆ ಅದು 61ಕ್ಕೆ ಇಳಿಯುತ್ತದೆ. ನಮ್ಮ ಕೋಡ್ ತೀರ ಕಡಿಮೆ ಎನ್ನುವ ಹಾಗಿಲ್ಲ, ಆದರೆ ಕೆ-4 ಮರೆತವನ ಶೆಡ್ ಮಾತ್ರ ನಿಜವಾಗಿಯೂ ಕಡಿಮೆ.

ಪಿಇಬಿ (ಕಾರ್ಖಾನೆಯಲ್ಲೇ ಮೊದಲು ತಯಾರಿಸಿ ಜೋಡಿಸುವ ಸ್ಟೀಲ್ ಕಟ್ಟಡ) ಸಾಫ್ಟ್‌ವೇರ್ ಬಳಸುವ ಕಡೆ ಇದರಿಂದಲೇ ಒಂದು ತಪ್ಪು ಪದೇ ಪದೇ ಆಗುತ್ತದೆ. ಪ್ರೋಗ್ರಾಮಿನಲ್ಲಿ ಅಮೆರಿಕದ ಹೊಸ ಕೋಡ್ ಆಯ್ಕೆ ಮಾಡಿ, ವೇಗದ ಜಾಗದಲ್ಲಿ ನಮ್ಮ 50 ತುಂಬುತ್ತಾರೆ. ಆ ಕೋಡ್ ಗಾಳಿಗೆ 1.0 ಫ್ಯಾಕ್ಟರ್ ಮಾತ್ರ ಹಾಕುವುದರಿಂದ, ಬರಬೇಕಾದ ಬಲದ ಮೂರನೇ ಎರಡು ಪಾಲು ಮಾತ್ರ ಬರುತ್ತದೆ. ಔಟ್‌ಪುಟ್‌ನಲ್ಲಿ ಎಲ್ಲವೂ ‘ಪಾಸ್’ ಎಂದೇ ಇರುತ್ತದೆ. ಇದಕ್ಕೆ ಉಲ್ಟಾ ತಪ್ಪೂ ಉಂಟು: 78 ಮೀ/ಸೆ. ತುಂಬಿ ಮೇಲೆ 1.5 ಗುಣಿಸಿದರೆ ಸ್ಟೀಲ್ ವೃಥಾ ಹೆಚ್ಚಿ ಕೊಟೇಶನ್ ಕೈತಪ್ಪುತ್ತದೆ. ವೇಗ, ಗುಣಕ, ಲೋಡ್ ಫ್ಯಾಕ್ಟರ್ ಮೂರೂ ಒಂದೇ ಕೋಡಿನಿಂದ ಬರಲಿ.

50 ವರ್ಷ, 700 ವರ್ಷ ಎಂಬುದಕ್ಕೆ ಅರ್ಥವೇನು? 50 ವರ್ಷದ ಗಾಳಿ ಎಂದರೆ ಯಾವುದೇ ಒಂದು ವರ್ಷ ಅದನ್ನು ಮೀರುವ ಸಾಧ್ಯತೆ 2%. ಶೆಡ್ 50 ವರ್ಷ ನಿಂತರೆ ಆ ಅವಧಿಯಲ್ಲಿ ಒಮ್ಮೆಯಾದರೂ ಮೀರುವ ಸಾಧ್ಯತೆ ಸುಮಾರು 64%. 700 ವರ್ಷದ ಗಾಳಿಯಾದರೆ ಸುಮಾರು 7%. ತುಮಕೂರಿನಲ್ಲಿ ದೊಡ್ಡ ಗಾಳಿ ಎಂದರೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಗಾಳಿ. ಅದು ಹೆಚ್ಚುಕಡಿಮೆ ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷದ ಗರಿಷ್ಠ ವೇಗಗಳಲ್ಲಿ ಭಾರಿ ಅಂತರ ಇರುವುದಿಲ್ಲ. ಕರಾವಳಿಯ ಒಂದು ಊರಿಗೆ ದೊಡ್ಡ ಚಂಡಮಾರುತ ನೇರವಾಗಿ ಬಡಿಯುವುದು ಅಪರೂಪ. ಎಷ್ಟೋ ವರ್ಷ ಸಾಧಾರಣ ಗಾಳಿ ಇದ್ದು, ಒಂದು ವರ್ಷ ಇದ್ದಕ್ಕಿದ್ದಂತೆ ಎಲ್ಲವನ್ನೂ ಮೀರಿಸುವ ಗಾಳಿ ಬರುತ್ತದೆ. ಅಲ್ಲಿ 50 ವರ್ಷದ ವೇಗಕ್ಕೂ ಅದಕ್ಕಿಂತ ಅಪರೂಪದ ವೇಗಕ್ಕೂ ನಡುವಿನ ಅಂತರ ನಮ್ಮ ಕಡೆಗಿಂತ ದೊಡ್ಡದು. ತುಮಕೂರಿನಲ್ಲಿ 1.5 ಲೋಡ್ ಫ್ಯಾಕ್ಟರ್ ಕೊಡುವ ಭದ್ರತೆಯನ್ನು ಅದೇ 1.5 ಕರಾವಳಿಯಲ್ಲಿ ಕೊಡುವುದಿಲ್ಲ. ಕೆ-4 ಇರುವುದು ಆ ಕೊರತೆ ತುಂಬಲು. ಇನ್ನೊಂದು ತೊಂದರೆ ದಾಖಲೆಯದು. ಚಂಡಮಾರುತದ ಅತಿ ಜೋರು ಪಟ್ಟಿ ಕಣ್ಣಿನ ಸುತ್ತ ಕೆಲವೇ ಹತ್ತು ಕಿಲೋಮೀಟರ್ ಅಗಲದ್ದು. ಅಲ್ಲೇ ಗಾಳಿಮಾಪಕ ಇರುವುದು ಅಪರೂಪ, ಇದ್ದರೂ ಎಷ್ಟೋ ಸಲ ಅದೇ ಮುರಿದು ಬೀಳುತ್ತದೆ. ಆದ್ದರಿಂದಲೇ ಅಮೆರಿಕದವರು ನಕ್ಷೆಗೆ ಬರೀ ಗಾಳಿಮಾಪಕದ ದಾಖಲೆ ನೆಚ್ಚದೆ, ಕೇಂದ್ರದ ಒತ್ತಡ ಕುಸಿತ, ಗರಿಷ್ಠ ಗಾಳಿಯ ತ್ರಿಜ್ಯ, ಸಾಗುವ ವೇಗ, ದಿಕ್ಕು ಇವುಗಳಿಂದ ಕಂಪ್ಯೂಟರಿನಲ್ಲಿ ಸಾವಿರಾರು ಚಂಡಮಾರುತಗಳನ್ನು ಓಡಿಸಿ ಲೆಕ್ಕ ತೆಗೆಯುತ್ತಾರೆ.

‘ಇದು ಟೆಂಪರರಿ ಶೆಡ್, ಐದು ವರ್ಷ ಸಾಕು’ ಎಂದು ಪಾರ್ಟಿ ಹೇಳಿದರೆ ಎಚ್ಚರ. ಐದು ವರ್ಷದ ತಾತ್ಕಾಲಿಕ ಶೆಡ್‌ಗೆ 50ರ ವಲಯದಲ್ಲಿ ಕೆ-1 0.70. ವರ್ಗ ಮಾಡಿದರೆ 0.49, ಒತ್ತಡ ಅರ್ಧಕ್ಕಿಂತ ಕೆಳಗೆ. ಐದು ವರ್ಷಕ್ಕೆಂದು ಕಟ್ಟಿದ ಶೆಡ್ ಇಪ್ಪತ್ತು ವರ್ಷ ನಿಲ್ಲುವುದು ನಮ್ಮಲ್ಲಿ ಹೊಸದಲ್ಲ. ನಿಗದಿತ ದಿನ ಬಿಚ್ಚಿ ಒಯ್ಯುವ ಕರಾರು ಇಲ್ಲದಿದ್ದರೆ ಆ ಗುಣಕ ಮುಟ್ಟಬೇಡಿ. ಎರೆಕ್ಷನ್ (ಫ್ರೇಮ್ ಎತ್ತಿ ನಿಲ್ಲಿಸುವ) ಹಂತದ ತಪಾಸಣೆಗೆ ಮಾತ್ರ ಅದು ಸರಿಯಾದ ಜಾಗ: ಶೀಟ್ ಹಾಕದ, ಬ್ರೇಸಿಂಗ್ (ಓರೆ ಕಟ್ಟು) ಅರ್ಧ ಆಗಿರುವ ಫ್ರೇಮ್‌ಗಳು. ಬಂಗಾಳ ಕೊಲ್ಲಿಯಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್ ಕೆಟ್ಟ ಕಾಲ. ಆಗ ಫ್ರೇಮ್ ನಿಲ್ಲಿಸುವುದಾದರೆ ಮೊದಲ ಎರಡು ಫ್ರೇಮ್‌ಗಳಿಗೆ ಪೂರ್ತಿ ಬ್ರೇಸಿಂಗ್ ಮುಗಿಸಿಯೇ ಮೂರನೆಯದನ್ನು ಎತ್ತಿ.

ಇನ್ನು ಶಟರ್. ವೇಗ ಎಷ್ಟೇ ಸರಿಯಾಗಿ ಹಿಡಿದರೂ ಒಳ ಒತ್ತಡ ತಪ್ಪಿದರೆ ಛಾವಣಿ ಉಳಿಯುವುದಿಲ್ಲ. ಗೋಡೆಯ ಕಿಂಡಿ, ತೆರಪು 5% ಒಳಗಿದ್ದರೆ ಕೋಡ್ ಒಳ ಒತ್ತಡದ ಗುಣಾಂಕ (ಗಾಳಿಯ ಒತ್ತಡದ ಎಷ್ಟು ಪಾಲು ಎಂಬ ಅಂಕಿ) 0.2 ಕೊಡುತ್ತದೆ. 5ರಿಂದ 20% ಆದರೆ 0.5, 20% ಮೀರಿದರೆ 0.7. ನಿಮ್ಮ ಉದ್ದ ಗೋಡೆ 48×8, 384 ಚದರ ಮೀಟರ್. ಒಂದು ಶಟರ್ 25 ಚದರ ಮೀಟರ್. ಒಂದೇ ಒಂದು ಶಟರ್ ಒಳಕ್ಕೆ ಬಾಗಿ ಗೈಡ್‌ನಿಂದ ಕಿತ್ತುಬಂದರೂ 6.5%, ನಾಲ್ಕೂ ಹೋದರೆ 26%. ನಿಮ್ಮ ಶಟರ್‌ಗಳು ಸಮುದ್ರಕ್ಕೆ ಮುಖ ಮಾಡಿವೆ. ಅಂದರೆ ಹೊರಗಿನಿಂದ ಛಾವಣಿಯನ್ನು ಹೀರುವ ಗಾಳಿಯೇ ಒಳಗೆ ನುಗ್ಗಿ ಕೆಳಗಿನಿಂದ ತಳ್ಳುತ್ತದೆ, ಎರಡೂ ಒಂದೇ ಕ್ಷಣದಲ್ಲಿ.

10 ಡಿಗ್ರಿ ಇಳಿಜಾರಿಗೆ ಗಾಳಿ ಹೊಡೆಯುವ ಬದಿಯ ಛಾವಣಿಯ ಹೊರ ಗುಣಾಂಕ ಮೈನಸ್ 1.2 (ಮೈನಸ್ ಎಂದರೆ ಹೀರುವಿಕೆ). ಶಟರ್ ಗಟ್ಟಿಯಾಗಿ ನಿಂತರೆ ಒಟ್ಟು 1.4, ನಾಲ್ಕೂ ಹೋದರೆ 1.9. ಪರ್ಲಿನ್ ಅಂತರ 1.4 ಮೀಟರ್, ಫ್ರೇಮ್ ಅಂತರ 6 ಮೀಟರ್ ಎಂದಿಟ್ಟುಕೊಳ್ಳಿ. ಒಂದು ಪರ್ಲಿನ್‌ನ ಪಾಲು 8.4 ಚದರ ಮೀಟರ್. ತುಮಕೂರಿನಲ್ಲಿ ಶಟರ್ ಮುಚ್ಚಿದ್ದಾಗ ಆ ಪರ್ಲಿನ್ ಮೇಲಕ್ಕೆ ಎಳೆಯುವ ಬಲ ಸುಮಾರು 700 ಕೆ.ಜಿ. ನೆಲ್ಲೂರಿನಲ್ಲಿ ಶಟರ್ ನಿಂತರೆ 2.6 ಟನ್, ಶಟರ್ ಹೋದರೆ ಮೂರೂವರೆ ಟನ್. ಇವೆಲ್ಲ 1.5 ಗುಣಿಸುವ ಮೊದಲಿನವು. ನಿಮಗಿರುವ ದಾರಿ ಎರಡು: ಶಟರ್ ಅನ್ನೇ ಆ ಒತ್ತಡಕ್ಕೆ ಪರೀಕ್ಷಿಸಿ ಪ್ರಮಾಣಪತ್ರ ಕೊಡುವವರಿಂದ ವಿಂಡ್ ಲಾಕ್ (ಗೈಡ್‌ನಿಂದ ಕಿತ್ತುಬರದ ಹಿಡಿತ) ಇರುವಂಥದ್ದು ತರಿಸುವುದು, ಇಲ್ಲವೇ 0.7 ಹಿಡಿದು ಇಡೀ ಶೆಡ್ ಮಾಡುವುದು. ನಾನಾದರೆ ಎರಡನ್ನೂ ಮಾಡುತ್ತೇನೆ. ಹಾರಿಬರುವ ಶೀಟೊಂದು ಎಂಥ ಶಟರನ್ನೂ ಸೀಳಬಲ್ಲದು. ಅಮೆರಿಕದವರು ಇದೇ ಕಾರಣಕ್ಕೆ ಅತಿ ವೇಗದ ಕರಾವಳಿ ಭಾಗಗಳನ್ನು ‘ಗಾಳಿಗೆ ಹಾರುವ ವಸ್ತುಗಳ ಪ್ರದೇಶ’ ಎಂದು ಗುರುತಿಸಿ, ಕಿಟಕಿ ಬಾಗಿಲಿಗೆ ಬಡಿತ ತಡೆಯುವ ರಕ್ಷಣೆ ಕಡ್ಡಾಯ ಮಾಡಿದ್ದಾರೆ.

ಸ್ಕ್ರೂ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಛಾವಣಿಯ ಅಂಚಿನಲ್ಲಿ ಹೀರುವಿಕೆ ನಡುವಿಗಿಂತ ಜಾಸ್ತಿ. ಆ ಪಟ್ಟಿಯ ಅಗಲ ಕಟ್ಟಡದ ಎತ್ತರ ಅಥವಾ ಅಗಲದ 0.15 ಪಾಲು, ಯಾವುದು ಕಡಿಮೆಯೋ ಅದು. ನಿಮಗೆ 3 ಮೀಟರ್. ಅಲ್ಲಿ ಹೊರ ಗುಣಾಂಕ 1.4, ಒಳಗಿನ 0.7 ಸೇರಿ 2.1. ನಮ್ಮ ಕಡೆಯ ರೂಢಿಯಂತೆ 300 ಮಿ.ಮೀ.ಗೆ ಒಂದು ಸ್ಕ್ರೂ ಹಾಕಿದರೆ ಒಂದು ಸ್ಕ್ರೂ ಪಾಲಿಗೆ 0.42 ಚದರ ಮೀಟರ್, ಎಳೆತ ಸುಮಾರು 195 ಕೆ.ಜಿ. 0.5 ಮಿ.ಮೀ. ಶೀಟ್ ಅಷ್ಟು ಎಳೆತಕ್ಕೆ ಸ್ಕ್ರೂ ತಲೆಯ ಸುತ್ತ ಹರಿದು, ಸ್ಕ್ರೂ ಪರ್ಲಿನ್‌ನಲ್ಲೇ ಉಳಿದು, ಶೀಟ್ ಮಾತ್ರ ಹೋಗಬಹುದು. ಆ 3 ಮೀಟರ್ ಪಟ್ಟಿಯಲ್ಲಿ ಪರ್ಲಿನ್ ಅಂತರ 0.7 ಮೀಟರಿಗೆ ಇಳಿಸಿ, ಸ್ಕ್ರೂ 200 ಮಿ.ಮೀ.ಗೆ ಒಂದು ಮಾಡಿದರೆ ಎಳೆತ 65 ಕೆ.ಜಿ. ಆಸುಪಾಸಿಗೆ ಬರುತ್ತದೆ. ಸ್ಕ್ರೂ ಕಿತ್ತುಬರುವ ಬಲ, ಶೀಟ್ ಹರಿಯುವ ಬಲ ಎರಡಕ್ಕೂ ತಯಾರಕರ ಪರೀಕ್ಷಾ ಅಂಕಿ ಕೇಳಿ ತೆಗೆದುಕೊಳ್ಳಿ. ಅದೂ ಒಂದು ಸಲದ ಎಳೆತದ ಅಂಕಿ ಸಾಲದು. 1974ರ ಕ್ರಿಸ್‌ಮಸ್ ಹೊತ್ತಿಗೆ ಆಸ್ಟ್ರೇಲಿಯಾದ ಡಾರ್ವಿನ್ ನಗರವನ್ನು ‘ಟ್ರೇಸಿ’ ಚಂಡಮಾರುತ ನೆಲಸಮ ಮಾಡಿದಾಗ ಕಂಡದ್ದು ಇದೇ: ಗಂಟೆಗಟ್ಟಲೆ ಹೀರಿ ಬಿಟ್ಟು ಮಾಡುವ ಗಾಳಿಗೆ ಸ್ಕ್ರೂ ತೂತಿನ ಸುತ್ತ ಸಣ್ಣ ಬಿರುಕು ಹುಟ್ಟಿ, ಬೆಳೆದು, ಶೀಟ್ ತನ್ನ ಬಲಕ್ಕಿಂತ ಎಷ್ಟೋ ಕಡಿಮೆ ಎಳೆತಕ್ಕೇ ಕಿತ್ತುಹೋಗಿತ್ತು. ಆಮೇಲೆ ಅಲ್ಲಿ ಶೀಟ್‌ಗಳನ್ನು ಸಾವಿರಾರು ಆವರ್ತನದ ಎಳೆತಕ್ಕೆ ಪರೀಕ್ಷಿಸುವ ಪದ್ಧತಿ ಬಂತು.

ಪರ್ಲಿನ್‌ನ ಕೆಳ ಫ್ಲೇಂಜ್ (ಅಡ್ಡ ಅಂಚು) ಮರೆಯಬೇಡಿ. ತೂಕ ಕೆಳಗೆ ಬರುವಾಗ ಮೇಲಿನ ಫ್ಲೇಂಜ್ ಒತ್ತಡದಲ್ಲಿರುತ್ತದೆ, ಅದನ್ನು ಶೀಟ್ ಹಿಡಿದಿರುತ್ತದೆ. ಗಾಳಿ ಮೇಲಕ್ಕೆ ಎಳೆದಾಗ ಕೆಳಗಿನ ಫ್ಲೇಂಜ್ ಒತ್ತಡಕ್ಕೆ ಬರುತ್ತದೆ, ಅದನ್ನು ಯಾರೂ ಹಿಡಿದಿರುವುದಿಲ್ಲ. ಪಕ್ಕಕ್ಕೆ ತಿರುಚಿಕೊಂಡು ಮಡಚುತ್ತದೆ. ಸ್ಯಾಗ್ ರಾಡ್ (ಪರ್ಲಿನ್‌ಗಳನ್ನು ಒಂದಕ್ಕೊಂದು ಕಟ್ಟುವ ಸಲಾಕೆ) ಕೆಳ ಫ್ಲೇಂಜ್ ಹತ್ತಿರವೂ ಬರಲಿ. ರಾಫ್ಟರ್‌ನ ಕೆಳ ಫ್ಲೇಂಜ್‌ಗೆ ಪರ್ಲಿನ್‌ನಿಂದ ಫ್ಲೈ ಬ್ರೇಸ್ (ಓರೆ ಆಸರೆ) ಕೊಡಿ.

ಕಂಬದ ಬುಡದಲ್ಲಿ ಲೆಕ್ಕ ಇನ್ನೂ ಕಠಿಣ. ಒಂದು ಫ್ರೇಮ್‌ನ ಪಾಲು 120 ಚದರ ಮೀಟರ್. ದೊಡ್ಡ ವಿಸ್ತೀರ್ಣಕ್ಕೆ ಕೋಡ್ ಕೊಡುವ 0.8 ಮತ್ತು ಒಟ್ಟುಗೂಡಿಕೆಯ (ಎಲ್ಲ ಮುಖಗಳಿಗೂ ಗರಿಷ್ಠ ಒತ್ತಡ ಒಟ್ಟಿಗೇ ಬರದೆಂಬ) 0.9 ರಿಯಾಯಿತಿ ಎರಡನ್ನೂ ತೆಗೆದುಕೊಂಡ ಮೇಲೂ ನೆಲ್ಲೂರಿನಲ್ಲಿ ಡಿಸೈನ್ ಒತ್ತಡ 1575 ನ್ಯೂಟನ್. ತುಮಕೂರಿನಲ್ಲಿ, ಮೂಲ ಒತ್ತಡದ 0.7ಕ್ಕಿಂತ ಇಳಿಸುವಂತಿಲ್ಲ ಎಂಬ ಮಿತಿ ತಾಗಿ, 457. ಶೀಟ್, ಪರ್ಲಿನ್, ಫ್ರೇಮ್ ಸೇರಿ ಸ್ವಂತ ತೂಕ ಚದರ ಮೀಟರಿಗೆ 25 ಕೆ.ಜಿ. ಹಿಡಿಯಿರಿ. ಗಾಳಿಗೆ 1.5, ಸ್ವಂತ ತೂಕಕ್ಕೆ 0.9 ಹಾಕಿ ನೋಡಿದರೆ ಸರಾಸರಿ ಒಂದು ಕಂಬಕ್ಕೆ ತುಮಕೂರಿನಲ್ಲಿ, ಶಟರ್ ಮುಚ್ಚಿದ್ದಾಗ, ಮೇಲಕ್ಕೆ 28 ಕಿಲೋನ್ಯೂಟನ್. ನೆಲ್ಲೂರಿನಲ್ಲಿ, ಶಟರ್ ಹೋದಾಗ, ಸುಮಾರು 200, ಅಂದರೆ 20 ಟನ್. ಗಾಳಿ ಹೊಡೆಯುವ ಬದಿಯ ಕಂಬಕ್ಕೆ ಇನ್ನೂ ಹೆಚ್ಚು. ಗಾಳಿ ಬೆಳೆದರೂ ಶೆಡ್‌ನ ತೂಕ ಅಷ್ಟೇ ಉಳಿಯುತ್ತದೆ, ಆದ್ದರಿಂದ ಏಳು ಪಟ್ಟು.

ಜೊತೆಗೆ ಕರಾವಳಿಯಲ್ಲಿ ನೆಲದ ನೀರು ಮೇಲೇ ಇರುತ್ತದೆ, ಚಂಡಮಾರುತದ ಹೊತ್ತಿಗೆ ಫೂಟಿಂಗ್ ಪೂರ್ತಿ ಮುಳುಗಿರುತ್ತದೆ. ಘನ ಮೀಟರಿಗೆ 25 ಕಿಲೋನ್ಯೂಟನ್ ತೂಗುವ ಕಾಂಕ್ರೀಟ್ ನೀರಿನಲ್ಲಿ 15 ಮಾತ್ರ ತೂಗುತ್ತದೆ. 18ರ ಮಣ್ಣು ಅರ್ಧದಷ್ಟಕ್ಕೆ ಇಳಿಯುತ್ತದೆ. ಫೂಟಿಂಗ್ ಗಾತ್ರವನ್ನು ಮುಳುಗಿದ ತೂಕಕ್ಕೇ ನೋಡಿ. ಜೆ-ಬೋಲ್ಟ್ ಬದಲು ತುದಿಗೆ ಪ್ಲೇಟ್ ಮತ್ತು ನಟ್ ಇರುವ ನೇರ ಆಂಕರ್ ರಾಡ್ ಹಾಕಿ. ಜೋರು ಎಳೆತಕ್ಕೆ ಜೆ ಬಾಗು ಬಿಚ್ಚಿಕೊಂಡು ಜಾರುತ್ತದೆ. ಉಪ್ಪು ಗಾಳಿಗೆ ಎಲ್ಲ ಬೋಲ್ಟ್ ಹಾಟ್-ಡಿಪ್ ಗ್ಯಾಲ್ವನೈಸ್ಡ್ ಇರಲಿ. ತುಕ್ಕು ಹಿಡಿದ ಸ್ಕ್ರೂಗೆ ಮೇಲಿನ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ.

ಕೊನೆಯ ಪ್ರಶ್ನೆ ಕೋಲಾರದ್ದು. ಕೋಲಾರ ಪೂರ್ವ ಕರಾವಳಿಯಿಂದ 200 ಕಿ.ಮೀ.ಗೂ ಹೆಚ್ಚು ದೂರ. ಕೆ-4 ಹಾಕಬೇಕಾಗಿಲ್ಲ, 1.00 ಸಾಕು. ದಡ ಮುಟ್ಟಿದ ಮೇಲೆ ಸಮುದ್ರದ ಬಿಸಿ ತೇವ ಸಿಗದೆ, ನೆಲದ ಘರ್ಷಣೆಗೆ ಸಿಕ್ಕಿ ಚಂಡಮಾರುತ ಬೇಗ ಸೊರಗುತ್ತದೆ. ನಮ್ಮ ಕಡೆಗೆ ಬರುವುದು ಮೋಡ ಮತ್ತು ಮಳೆ. ದಿಕ್ಕಿನ 0.9 ರಿಯಾಯಿತಿಯೂ ನಿಮಗೆ ಸಿಗುತ್ತದೆ. ಆದರೆ ಬೆಂಗಳೂರಿನ 33ರಿಂದ ಚೆನ್ನೈನ 50ಕ್ಕೆ ಏರುವ ಗಡಿಗೆರೆಗಳು ಈ ಎರಡು ಊರುಗಳ ನಡುವೆಯೇ ಹಾಯುತ್ತವೆ. ಮುಳಬಾಗಿಲು, ಕೆಜಿಎಫ್ ಕಡೆಯ ಕೆಲಸಕ್ಕೆ ಬೆಂಗಳೂರಿನ ಅಂಕಿಯನ್ನು ಕಣ್ಣು ಮುಚ್ಚಿ ಹಾಕಬೇಡಿ. ಸೈಟ್ ಅನ್ನು ನಕ್ಷೆಯ ಮೇಲೆ ಗುರುತಿಸಿ. ಗೆರೆಯ ಹತ್ತಿರ ಬಂದರೆ ದೊಡ್ಡ ಅಂಕಿಯನ್ನೇ ಹಿಡಿಯಿರಿ.

ನಮ್ಮ ಮೂರು ಜಿಲ್ಲೆಗಳಲ್ಲಿ ಜನ ನಿಜವಾಗಿ ಮರೆಯುವುದು ಕೆ-3. ನಂದಿ, ದೇವರಾಯನದುರ್ಗ, ಮಧುಗಿರಿಯಂಥ ಬೆಟ್ಟಗಳ ನೆತ್ತಿಯಲ್ಲಿ, ಅಂಚಿನಲ್ಲಿ ರೆಸಾರ್ಟ್, ಟವರ್, ನೀರಿನ ಟ್ಯಾಂಕ್, ಸೋಲಾರ್ ಫಲಕ ಹಾಕುವವರಿಗೆ ಅದು ಬಹಳ ಮುಖ್ಯ. ಇಳಿಜಾರು 3 ಡಿಗ್ರಿ ಮೀರಿದರೆ ಗುಣಕ ಏರತೊಡಗುತ್ತದೆ. 17 ಡಿಗ್ರಿಗಿಂತ ಕಡಿದಾದ ಗುಡ್ಡದ ತುದಿಯಲ್ಲಿ 1.36ರವರೆಗೆ ಹೋಗಬಹುದು. 33ನ್ನು 1.36ರಿಂದ ಗುಣಿಸಿದರೆ 44.9 ಮೀ/ಸೆ., ಒತ್ತಡ 1.85 ಪಟ್ಟು. ತುದಿಯಿಂದ ಹಿಂದೆ ಸರಿದಷ್ಟೂ, ನೆಲದಿಂದ ಮೇಲೇರಿದಷ್ಟೂ ಈ ಪರಿಣಾಮ ಇಳಿಯುತ್ತದೆ. ಆದ್ದರಿಂದ ಬೆಟ್ಟದ ಮೇಲಿನ ತಗ್ಗು ಶೆಡ್‌ಗೂ ನೆಲಕ್ಕೆ ಹತ್ತಿರ ಕೂರುವ ಸೋಲಾರ್ ಫಲಕಕ್ಕೂ ಪೆಟ್ಟು ಹೆಚ್ಚು. ಅಂಥ ಕೆಲಸ ಬಂದರೆ ಬೆಟ್ಟದ ಅಡ್ಡಸೀಳು ಸರ್ವೆ ಮಾಡಿಸಿ, ತುದಿಯಿಂದ ನಿಮ್ಮ ಕಟ್ಟಡಕ್ಕೆ ಎಷ್ಟು ದೂರ ಎಂದು ಅಳೆದು, ಕೋಡಿನ ಪರಿಶಿಷ್ಟದಲ್ಲಿರುವ ಚಿತ್ರ ನೋಡಿ ಆ ಜಾಗದ ಗುಣಕ ತೆಗೆಯಿರಿ.